ಇತರೆ

ಸಿಂಧನೂರಿನ ದವಾಖಾನೆಯಲ್ಲಿ ಮಂಗಳವಾರ
ಮನಸ್ಸಿನ ಓಪಿಡಿ.
ಲಸಿಕೆ ಹಾಕುವ ಕೋಣೆಯನ್ನೇ ಗುಡಿಸಿ
ಎರಡು ಕುರ್ಚಿ, ಒಂದು ಸ್ಟೂಲು,
ಮೇಲಿನಿಂದ ಬಂದ ಫಾರಂ.
ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಚೌಕ:
ಇಲ್ಲವೇ ಇಲ್ಲ. ಕೆಲವು ದಿನ. ಬಹಳ ದಿನ. ದಿನಾಲೂ.
ಟಿಕ್ ಹಾಕುವುದು ನನ್ನ ಕೆಲಸ.

ಬಂಗಾಲಿ ಕ್ಯಾಂಪಿನಿಂದ ಬಂದವಳು ಶೋಭಾರಾಣಿ ಹಲ್ದಾರ್.
ಶಂಖದ ಬಳೆ ಕಳಚಿದ ಗುರುತು ಇನ್ನೂ ಮಣಿಕಟ್ಟಿನಲ್ಲಿ.
ಜೊತೆಗೆ ಮೊಮ್ಮಗಳು ಟುಂಪಾ, ಎಂಟನೇ ಕ್ಲಾಸು,
ನನಗಿಂತ ಚೊಲೋ ಕನ್ನಡ.

"ಕಳೆದ ಎರಡು ವಾರಗಳಲ್ಲಿ ತಮಗೆ ಖಿನ್ನತೆಯ ಭಾವನೆ..."
ಟುಂಪಾ ನನ್ನ ಮುಖ ನೋಡಿದಳು.
ಖಿನ್ನತೆ ನನಗೂ ಕಾಗದದ ಮೇಲಷ್ಟೇ ಪರಿಚಯ.
"ಅಜ್ಜಿಗೆ ಏನಾಗ್ತದ, ಕೇಳವ್ವಾ."
ಮುದುಕಿ ಕಿಟಕಿಗೆ ಹೇಳಿದಳು:
ಮೋನ್ ಕ್ಯಾಮೋನ್ ಕೋರೇ.
"ಮನಸು ಹೆಂಗ ಮಾಡ್ತದಂತ್ರೀ."
"ಹೆಂಗ ಅಂದ್ರ?"
"ಹೆಂಗ, ಅಷ್ಟ ರೀ. ಮುಂದ ಮಾತಿಲ್ಲ."

ಎಲ್ಲಿ ಎಂದೆ. ಬುಕ್ ಎಂದಳು.
"ಪುಸ್ತಕ ಅಲ್ರೀ, ಎದಿ," ಟುಂಪಾ ನಕ್ಕಳು.
ಎಂದಿನಿಂದ ಎಂದೆ. ಕಾಲ್ ಎಂದಳು.
"ನಿನ್ನೆ ಅಂತಾಳೋ ನಾಳೆ ಅಂತಾಳೋ,
ಎರಡಕ್ಕೂ ಅದ ರೀ ಅವರ ಮಾತಿನಾಗ."

ನಮ್ಮ ಮನೆಯಲ್ಲೂ ಹಾಗೇ.
ಅಬ್ಬಾ ಹೋದದ್ದು ಕಲ್, ಬರಬೇಕಾದದ್ದೂ ಕಲ್.
ಅವನು ಹೋದ ಮೇಲೆ ಅಮ್ಮಿ ಎದ್ದ ಕೂಡಲೇ
ಕಲೇಜಾ ಜಲ್ರಾ, ಕಲೇಜಾ ಜಲ್ರಾ.
ಮಸ್ಕಿಯ ಕಂಪೌಂಡರ್ ಲಿವರ್ ಟಾನಿಕ್ ಕೊಟ್ಟ.
ನಾಲ್ಕು ವರ್ಷ, ದಿನಕ್ಕೆರಡು ಚಮಚ,
ಕಂದು ಬಾಟಲಿಗಳಲ್ಲಿ ನಾವು ಸೀಮೆಎಣ್ಣೆ ತುಂಬಿಟ್ಟೆವು.
ಆರಾಮಾಯಿತು ಎನ್ನುತ್ತಿದ್ದಳು.
ಆಗಿತ್ತೇನೋ. ನನಗೆ ಗೊತ್ತಿಲ್ಲ.

ನನ್ನ ಬೆಂಚಿನ ಹುಲಿಗೆಮ್ಮ ಅಳುವಾಗ
ಕರುಳು ಹಿಂಡ್ತದ ಎನ್ನುತ್ತಿದ್ದಳು.
ಮನೆಗೆ ಬಂದು ನನ್ನೊಳಗೂ ಹುಡುಕಿದೆ,
ಹಸಿವು ಸಿಕ್ಕಿತು, ಕರುಳು ಸಿಗಲಿಲ್ಲ.
ಇಪ್ಪತ್ತಮೂರಕ್ಕೆ, ನಿಂತ ಮೊದಲ ಬಸಿರು ಇಳಿದಾಗ
ಒಮ್ಮೆಲೇ ಸಿಕ್ಕಿತು.
ಕಲೇಜಾ ತನ್ನ ಪಾಡಿಗೆ ತಣ್ಣಗಿತ್ತು.
ತೊಟ್ಟಿಲಲ್ಲಿ ಕೇಳಿದ ಭಾಷೆ ಬಿಟ್ಟು
ಬೆಂಚಿನ ಮೇಲೆ ಕಲಿತ ಜಾಗದಲ್ಲಿ
ಅತ್ತೆ ನಾನು.
ಅಮ್ಮಿ ಬೆನ್ನು ಸವರುತ್ತ ಕೇಳಿದಳು,
ಎಲ್ಲಿ ನೋಯ್ತದೆ ಬೇಟಾ?
ಹೇಳಿದೆ. ಅವಳಿಗೆ ತಿಳಿಯಲಿಲ್ಲ.

ಹೊರಗೆ ಭತ್ತದ ಗದ್ದೆಗಳ ಮೇಲೆ ಮೋಡ ಕಟ್ಟಿತು.
"ಬಂತು ಬಂತು," ಅಟೆಂಡರ್ ಗಾಳೆಪ್ಪ
ಕೈ ತಿಕ್ಕುತ್ತ ಮೆಟ್ಟಿಲಿಗೆ ಓಡಿದ.
ಕ್ಯೂನಲ್ಲಿದ್ದವರ ಮುಖಗಳೆಲ್ಲ ಅತ್ತ ತಿರುಗಿದವು,
ಬಸುರಿಯೊಬ್ಬಳು ಸೆರಗಿನಿಂದ ಗಾಳಿ ಹಾಕಿಕೊಳ್ಳುವುದು ಬಿಟ್ಟಳು.
ಶೋಭಾರಾಣಿ ಮಾತ್ರ
ಎರಡೂ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡಳು.
ನೆಲ ಒಣಗಿತ್ತು. ಆಗಷ್ಟೇ ಫಿನೈಲ್ ಒರೆಸಿದ ನೆಲ.
"ಅಕಿ ಊರಾಗ ಹೊಳಿ ಮನಿ ತಿಂತಿತ್ತಂತ್ರೀ,"
ಎಂದ ಟುಂಪಾ ಆ ಊರನ್ನು ನೋಡಿಲ್ಲ.
ಮೊದಲ ಹನಿಗೆ ಕೈಯೊಡ್ಡಿ
ಗಾಳೆಪ್ಪನ ಪಕ್ಕ ನಿಂತಿದ್ದಳು ಆಗಲೇ.

ಫಾರಮಿನ ಕೊನೆಗೆ ಒಂದು ಸಾಲು: ಇತರೆ, ವಿವರಿಸಿ.
ಬೆರಳಗಲ ಜಾಗ.
ಚೌಕಗಳನ್ನೆಲ್ಲ ಹಾಗೇ ಬಿಟ್ಟು
ಅವಳ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದೆ,
ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು
ಎರಡು ಸಲ ಹೇಳಿಸಿಕೊಂಡು.
ಸರಿಯಾಯಿತೇ ಎಂಬಂತೆ ನೋಡಿದೆ.
ಅಕ್ಷರ ಬಾರದವಳು ಕಾಗದ ನೋಡಿ ತಲೆಯಾಡಿಸಿದಳು,
ಸೊಂಟದ ಗಂಟು ಬಿಚ್ಚಿ
ಒಂದು ಹಿಡಿ ಮುರಿ ನನ್ನ ಅಂಗೈಗೆ ಸುರಿದಳು.
ನಮ್ಮ ಮಂಡಾಳೇ ಅದು,
ಸಾಸಿವೆ ಎಣ್ಣೆ ಸವರಿದ್ದು. ಮೂಗಿಗೆ ಹತ್ತಿತು.

ಸಂಜೆ ಕಂಪ್ಯೂಟರಿನ ವೀರನಗೌಡ ಕರೆದ.
"ಸಿಸ್ಟರ್, ಇದನ್ನ ಸಿಸ್ಟಮ್ ತಗೊಳವಲ್ದು.
ನಂಬರ್ ಕೇಳ್ತದ. ಸೊನ್ನಿ ಹಾಕ್ಲೇನು?"
ಬಸ್ಸಿಗೆ ಹೊತ್ತಾಗಿತ್ತು.
ಬೆರಳಲ್ಲಿನ್ನೂ ಸಾಸಿವೆ ಎಣ್ಣೆಯ ಘಾಟು.
"ತಡಿಯಪಾ," ಅಂದೆ.
"ಕಲ್ ಹೇಳ್ತೀನಿ."